ನಡುವೆ ಮುಚ್ಚಬಾರದ ಪುಸ್ತಕ

ನಮ್ಮ ಸೋದರಮಾವ ಕೊಲೆಗಾರ ಸಿಕ್ಕಿಬಿದ್ದ ದಿನ ತೆಂಗಿನಕಾಯಿ ಒಡೆಯುತ್ತಾರೆ.

ಗಾಬರಿಯಾಗಬೇಡಿ, ಅವರು ಪೊಲೀಸರಲ್ಲ. ಸಿಂಗಪುರದಲ್ಲಿ ಜೀವಮಾನವೆಲ್ಲ ಲಿಫ್ಟುಗಳ ತಪಾಸಣೆ ಮಾಡಿ ನಿವೃತ್ತರಾದವರು. ಟ್ಯಾಂಪಿನೀಸ್‌ನಲ್ಲಿ ಹತ್ತನೆಯ ಮಹಡಿಯ ಫ್ಲ್ಯಾಟು, ಒಬ್ಬ ಹೆಂಡತಿ, ಎರಡು ಕಪಾಟು ಪುಸ್ತಕ. ಮೂರು ವರ್ಷಗಳಿಂದ ಒಂದು ಕೋಣೆಯಲ್ಲಿ ನಾನೂ ಇದ್ದೇನೆ, ಚಾಂಗಿ ಬಿಸಿನೆಸ್ ಪಾರ್ಕಿನ ನನ್ನ ಆಫೀಸಿಗೆ ಹತ್ತಿರ ಎಂಬ ಕಾರಣಕ್ಕೆ. ಕೊಲೆಗಾರರೆಲ್ಲ ಪತ್ತೇದಾರಿ ಕಾದಂಬರಿಯವರು. ಮಾವ ದಿನಾ ಸಂಜೆ ಏಳಕ್ಕೆ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾರೆ. ಪುಸ್ತಕ ಮುಗಿದ ದಿನ ಅಡುಗೆಮನೆಯ ನೆಲಕ್ಕೆ ಕಾಯಿ ಬೀಳುತ್ತದೆ.

ಮೊದಲ ಸಲ ಕಾಯಿ ಒಡೆದಾಗ ಕೆಳಗಿನ ಮನೆಯ ಚೀನೀ ಆಂಟಿ ಓಡಿ ಬಂದರು. "ಅಂಕಲ್, ವಾಟ್ ಹ್ಯಾಪನ್ಡ್? ಸೋ ಲೌಡ್!" ಮಾವ ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದರು: "ಸಾರಿ ಆಂಟಿ. ಮರ್ಡರರ್ ಕ್ಯಾಚ್ ಆಲ್ರೆಡಿ." ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಮಾವ ಒಂದು ಹೋಳು ಕೊಬ್ಬರಿ, ಚಿಟಿಕೆ ಸಕ್ಕರೆ ಕೈಗಿಟ್ಟರು. ಈಗ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಆ ಆಂಟಿ ನನ್ನನ್ನೇ ವಿಚಾರಿಸುತ್ತಾರೆ: "ಸೋ ಮೆನಿ ಡೇಸ್, ಸ್ಟಿಲ್ ನಾಟ್ ಕ್ಯಾಚ್ ಆ? ಯುವರ್ ಅಂಕಲ್ ಸೋ ಸ್ಲೋ ಲಾ!"

ಇದೆಲ್ಲ ಎಲ್ಲಿಂದ ಬಂತು? ಬಾಗಲಕೋಟೆಯ ಕಡೆಯ ನಮ್ಮ ತಾಯಿಯ ತವರಿನಿಂದ. ಶ್ರಾವಣ ಮಾಸ ಬಂತೆಂದರೆ ಅಜ್ಜ ಪಡಸಾಲೆಯಲ್ಲಿ ಪುರಾಣ ಹಚ್ಚುತ್ತಿದ್ದರಂತೆ. ತಿಂಗಳಿಡೀ ದಿನಕ್ಕೊಂದು ಅಧ್ಯಾಯ. ಅಜ್ಜ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು, ಕೇಳುವವರು ಹ್ಞೂಂಗುಡಬೇಕು. ಕಡೆಯ ದಿನ ಮಂಗಳಾರತಿ, ಕಾಯಿ, ಸಕ್ಕರೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಅಧ್ಯಾಯದ ನಡುವೆ ಪುಸ್ತಕ ಮುಚ್ಚಬಾರದು, ಕೇಳುವವರು ಏಳಬಾರದು. ಒಮ್ಮೆ ಓದಿನ ನಡುವೆ ಹಿತ್ತಲಲ್ಲಿ ಎಮ್ಮೆ ಈದರೂ ಅಜ್ಜ ಏಳಲಿಲ್ಲವಂತೆ. ಅಧ್ಯಾಯ ಮುಗಿಸಿ ಹೋಗಿ ನೋಡಿದರೆ ಕರು ತಾನೇ ಎದ್ದು ನಿಂತು ಹಾಲು ಕುಡಿಯುತ್ತಿತ್ತಂತೆ! ಇದು ಮಾವನ ಕತೆ. ನನ್ನ ಅವ್ವನನ್ನು ಕೇಳಿದರೆ ಅದು ಎಮ್ಮೆಯೇ ಅಲ್ಲ, ಪಕ್ಕದ ಮನೆಯವರ ಆಡು, ಮತ್ತು ಮೊದಲು ಎದ್ದವರೇ ಅಜ್ಜ. ಯಾವುದು ನಿಜ? ನಾನು ಇಬ್ಬರನ್ನೂ ನಂಬುವುದಿಲ್ಲ. ನೆನಪಿನ ವಿಷಯದಲ್ಲಿ ನಾನು ನನ್ನನ್ನೇ ನಂಬದವಳು, ಅದಕ್ಕೇ ಡೈರಿ ಬರೆಯುತ್ತೇನೆ. ಆಮೇಲೆ ಡೈರಿಯನ್ನೂ ನಂಬುವುದಿಲ್ಲ.

ಅಜ್ಜ ಹೋದರು, ಪಡಸಾಲೆ ಹೋಯಿತು, ಮಕ್ಕಳು ಚದುರಿದರು. ದೊಡ್ಡವ್ವ, ಅಂದರೆ ಮಾವನ ಅಕ್ಕ, ಕೆನಡಾದಲ್ಲಿ. ಚಿಗವ್ವ, ಅಂದರೆ ಅವರ ಕೊನೆಯ ತಂಗಿ, ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನ್‌ನಿಂದಾಚೆಗೆ ಒಂದು ಗುಡ್ಡದ ಊರಿನಲ್ಲಿ. ಮಾವ ಮಾತ್ರ ನಟ್ಟನಡುವೆ, ಭೂಮಧ್ಯರೇಖೆಯ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಊರಿನಲ್ಲೇ ಉಳಿದ ನನ್ನ ಅವ್ವ ಈ ಓದಿಗೆ ಸೇರುವುದಿಲ್ಲ. "ಸಣ್ಣಾಕಿದ್ದಾಗ ಕೇಳಿದ್ದ ಸಾಕವ್ವ ನನಗ" ಎನ್ನುತ್ತಾಳೆ. ಉಳಿದ ಮೂವರು ಫೋನಿನಲ್ಲಿ ಸೇರುತ್ತಾರೆ. ಇಲ್ಲಿ ಸಂಜೆ ಏಳೆಂದರೆ ಚಿಗವ್ವನಿಗೆ ರಾತ್ರಿ ಹತ್ತು, ಮಲಗುವ ಹೊತ್ತು. ದೊಡ್ಡವ್ವನಿಗೆ ಬೆಳಿಗ್ಗೆ ಆರು, ಸ್ನಾನ ಮುಗಿದು ಒಲೆ ಹಚ್ಚುವ ಹೊತ್ತು. ಮಾವ ಅಂಗಿ ಬದಲಿಸಿ, ಹಣೆಗೆ ವಿಭೂತಿ ಹಚ್ಚಿ, ಸಕ್ಕರೆ ಡಬ್ಬಿಗೆ ಫೋನು ಆನಿಸಿ, ಕೊಲೆಯ ಕತೆ ತೆರೆಯುತ್ತಾರೆ.

ಅರ್ಥ ಹೇಳುವ ಕೆಲಸ ನನ್ನದು. ಪತ್ತೇದಾರಿ ಕಾದಂಬರಿಗೆ ಏನು ಅರ್ಥ ಹೇಳುವುದು? "ಅಂದರೆ, ಆ ಅಡುಗೆಯವನ ಮೇಲೆ ಅನುಮಾನ ಪಡಬೇಕು" ಎಂದರೆ ಮಾವ ಕಣ್ಣು ಬಿಡುತ್ತಾರೆ. "ಮುಂದಿನದು ಹೇಳಬ್ಯಾಡ!" ಹಾಗಾಗಿ ನಾನು ದಿನವೂ ಆಗಿಹೋದದ್ದನ್ನೇ ಮತ್ತೊಮ್ಮೆ ಹೇಳುತ್ತೇನೆ. ಆಫೀಸಿನ ಮೀಟಿಂಗುಗಳಲ್ಲೂ ಇದೇ ನನ್ನ ಕೆಲಸವಾದ್ದರಿಂದ ಕಷ್ಟವೇನಿಲ್ಲ.

ಒಮ್ಮೆ ಮಾವನಿಗೆ ಗಂಟಲು ಕಟ್ಟಿತು, ಓದು ನನ್ನ ಪಾಲಿಗೆ ಬಂತು. ಅರ್ಧ ಪುಟ ಬರೀ ಸೂರ್ಯಾಸ್ತದ ವರ್ಣನೆ. ಮೆಲ್ಲಗೆ ಹಾರಿಸಿದೆ. ಮಾವ ಬಿಸಿನೀರಿನ ಲೋಟ ಕೆಳಗಿಟ್ಟು, ಕಟ್ಟಿದ ಗಂಟಲಲ್ಲೇ ಕೇಳಿದರು: "ಲಿಫ್ಟು ಏಳನೇ ಮಹಡಿ ಬಿಟ್ಟು ಎಂಟಕ್ಕ ಹೋದ್ರ ನೀ ಅದರಾಗ ಹತ್ತತಿ ಏನು?"

"ಮಾಮಾ, ಏಳರಲ್ಲಿ ಯಾರೂ ಇಳಿಯೋರು ಇರ್ಲಿಲ್ಲ."

"ನಿನಗೇನು ಗೊತ್ತು? ನಿಮ್ಮ ದೊಡ್ಡವ್ವ ಇಳಿತಿದ್ದಳೋ ಏನೋ!"

ಸೂರ್ಯನನ್ನು ಮತ್ತೆ ಮೇಲೆತ್ತಿ ಮೊದಲಿಂದ ಮುಳುಗಿಸಿದೆ. ಅಚ್ಚಾದದ್ದನ್ನು ಅಚ್ಚಾದ ಹಾಗೇ ಓದಬೇಕು; ಒಂದಕ್ಷರ ಬಿಡುವಂತಿಲ್ಲ, ಒಂದಕ್ಷರ ಸೇರಿಸುವಂತಿಲ್ಲ. ಅಚ್ಚಿನ ತಪ್ಪನ್ನೂ ಅವರು ತಪ್ಪಾಗಿಯೇ ಓದುತ್ತಾರೆ. ಒಂದು ಕಾದಂಬರಿಯಲ್ಲಿ ಐವತ್ತನೆಯ ಪುಟ ಎರಡು ಸಲ ಅಚ್ಚಾಗಿತ್ತು. ಒಂದೇ ಹೆಣ ಎರಡು ಬಾರಿ ಸಿಕ್ಕಿತು!

ಇನ್ನೊಮ್ಮೆ ಹೊಸ ಪುಸ್ತಕ ಊರಿಂದ ಬರುವುದು ತಡವಾಯಿತು. ಓದು ನಿಲ್ಲಬಾರದಲ್ಲ? ಮಾವ ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯನ್ನು ಹಚ್ಚಿದರು. ಅದು ಇಂಗ್ಲಿಷಿನಲ್ಲಿತ್ತು, ಅರ್ಥ ಹೇಳುವವಳಿಗೆ ಅಪರೂಪಕ್ಕೆ ಕೆಲಸ ಸಿಕ್ಕಿತು. ಮೂರನೆಯ ದಿನ, ಫಿಲ್ಟರು ಬಿಚ್ಚುವ ಅಧ್ಯಾಯ ಮುಗಿಯುತ್ತಿದ್ದಂತೆ ಕೆನಡಾದಿಂದ ಚೀರಾಟ. "ತಮ್ಮಾ! ಆ ಕೆಳಗಿನ ಬಾಗಲಾ ನಾ ಒಮ್ಮೆಯೂ ತಗದಿರಲಿಲ್ಲೋ! ತಗದೆ. ಇವರ ಉಂಗುರ ಸಿಕ್ತು!" ದೊಡ್ಡಪ್ಪ ವರ್ಷಗಳ ಹಿಂದೆ ಕಳೆದುಕೊಂಡು, ಬೇಕಾದಷ್ಟು ಬೈಸಿಕೊಂಡಿದ್ದ ಮದುವೆಯ ಉಂಗುರ. ಮಾವ ಕೈಪಿಡಿಯನ್ನು ಕಣ್ಣಿಗೊತ್ತಿಕೊಂಡು ಹೇಳಿದರು: "ನೋಡಿದಿರೇನು? ಇದಕ್ಕ ಫಲಶ್ರುತಿ ಅಂತಾರ."

ಹ್ಞೂಂಗುಡುವುದಕ್ಕೆ ಮಾತ್ರ ಫೋನು ಸರಿಹೋಗಲಿಲ್ಲ. ಕಾದಂಬರಿಯಲ್ಲಿ ಒಬ್ಬ ಮುದುಕ ಪ್ರಾಣ ಬಿಡುವ ಕ್ಷಣಕ್ಕೆ ಸರಿಯಾಗಿ ದೊಡ್ಡವ್ವನ ಕುಕ್ಕರು ಸೀಟಿ ಹೊಡೆಯಿತು. ಅವನು ಸಾಯಲು ಮತ್ತೂ ಎರಡು ಸೀಟಿ ತೆಗೆದುಕೊಂಡ. ಮರುದಿನದಿಂದ ಹೊಸ ಕಾನೂನು ಬಂತು. ಕೇಳುವವರು ಫೋನನ್ನು ಮ್ಯೂಟ್ ಮಾಡಬೇಕು. ಒಂದೊಂದು ಪುಟ ಮುಗಿದಾಗ ಹ್ಞೂಂ ಬದಲು ಹೆಬ್ಬೆರಳಿನ ಚಿತ್ರ ಕಳಿಸಬೇಕು. ಎರಡು ಹೆಬ್ಬೆರಳು ಬರುವ ತನಕ ಮಾವ ಪುಟ ತಿರುಗಿಸುವುದಿಲ್ಲ, ಬಾಗಿಲು ಮುಚ್ಚುವ ತನಕ ಲಿಫ್ಟು ಹೊರಡದ ಹಾಗೆ.

ನಾನು ಹೇಳಬೇಕೆಂದಿರುವ ಸಂಜೆ ಜನವರಿಯದು. ಅಂದು ನನ್ನ ಡೈರಿಯಲ್ಲಿರುವುದು ಒಂದೇ ಸಾಲು: "ಅನ್ನ ತಣ್ಣಗಾಯಿತು." ಹಾಗಾಗಿ ಮುಂದಿನದನ್ನು ನೆನಪಿನಿಂದಲೇ ಬರೆಯಬೇಕು. ಮಾವನ ಹೆಂಡತಿ, ನನ್ನ ಅತ್ತೆಗೆ ಓದಿ ತೋರಿಸಿದ್ದೇನೆ, ಎರಡು ಕಡೆ ತಿದ್ದಿಸಿದ್ದಾರೆ.

ಅಂದು ಕೆನಡಾದ ಆ ಭಾಗದಲ್ಲಿ ಹಿಮದ ಬಿರುಗಾಳಿ. ಹಿಂದಿನ ದಿನದಿಂದ ದೊಡ್ಡವ್ವನ ಮನೆಯಲ್ಲಿ ಕರೆಂಟಿಲ್ಲ. ಕೋಟು, ಟೋಪಿ, ಮೂರು ರಜಾಯಿ, ಒಂದು ಮೇಣದಬತ್ತಿ. ಫೋನನ್ನು ಆರಿಸಿಟ್ಟು ಈ ಹೊತ್ತಿಗಾಗಿಯೇ ಚಾರ್ಜು ಉಳಿಸಿದ್ದರು. ಚಿಗವ್ವನ ಕಡೆ ನಲವತ್ತು ದಾಟಿದ ಬಿಸಿಲು, ದೂರದ ಕಾಡುಗಳಲ್ಲಿ ಬೆಂಕಿ. "ನಮ್ಮಿಂದ ದೂರ ಐತಿ, ಹೊಗಿ ವಾಸನಿ ಅಷ್ಟ" ಎಂದಿದ್ದರು. ಮಾವ ಸಂಜೆಯೆಲ್ಲ ಫೋನಿನಲ್ಲಿ ಇಬ್ಬರ ಊರಿನ ಹವಾಮಾನ ನೋಡುತ್ತಿದ್ದರು. ತಂಗಿ ಬೇಯುತ್ತಿದ್ದಾಳೆ, ಅಕ್ಕ ಹೆಪ್ಪುಗಟ್ಟುತ್ತಿದ್ದಾಳೆ. ನಮ್ಮಲ್ಲಿ? ಕೆಳಗೆ ಕಟ್ಟಡದ ತಳದ ಖಾಲಿ ಜಾಗದಲ್ಲಿ, ಇಲ್ಲಿನವರ ವಾಯ್ಡ್ ಡೆಕ್ಕಿನಲ್ಲಿ, ಮಕ್ಕಳ ಚೆಂಡಿನ ಸದ್ದು, ಯಾರದೋ ಮನೆಯ ಮೀನು ಕರಿಯುವ ವಾಸನೆ. ಅತ್ತೆ ತುಮಕೂರಿನವರು, ಓದಿನ ಹೊತ್ತಿಗೆ ಸೊಪ್ಪು ಬಿಡಿಸಲು ಕೂರುತ್ತಾರೆ. ಅವರು ಕೇಳಿದರು: "ರೀ, ಫ್ಯಾನು ಮೂರಕ್ಕಿಡಲಾ ನಾಲ್ಕಕ್ಕಾ?"

ಲೋಕದ ಎರಡು ತುದಿಗಳಲ್ಲಿ ಹಾಗೆಲ್ಲ ಆಗುತ್ತಿರುವಾಗ ನಾವು ಫ್ಯಾನಿನ ವೇಗ ನಿರ್ಧರಿಸುತ್ತ ಕತೆ ಓದುವುದು ಸರಿಯೇ? ಆಗ ನನಗೆ ಹಾಗನ್ನಿಸಿತೋ, ಈಗ ಬರೆಯುವಾಗ ಅನ್ನಿಸುತ್ತಿದೆಯೋ ಹೇಳಲಾರೆ. ಆ ಸಂಜೆ ಕಾದಂಬರಿಯ ಕೊನೆಯದಕ್ಕಿಂತ ಹಿಂದಿನ ಅಧ್ಯಾಯ. ಮಾವ ಓದಿದರು. ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆಸಿದ. ಪುಟ ಮುಗಿಯಿತು. ಕೆನಡಾದ ಹೆಬ್ಬೆರಳು ಬಂತು. ಚಿಗವ್ವನದು ಬರಲಿಲ್ಲ.

ಮಾವ ಕಾದರು. ಲಿಫ್ಟು ನಿಂತಿತು.

"ಯಾಕ ಸಣ್ಣಾಕಿ, ನಿದ್ದಿ ಹತ್ತಿತೇನು?"

ಚಿಗವ್ವ ಮ್ಯೂಟ್ ತೆಗೆದರು. "ಇಲ್ಲಣ್ಣಾ, ಕೇಳಾಕತ್ತೀನಿ. ಒಂಚೂರು ಲಗೂನ ಓದು."

ಅವರ ದನಿಯ ಹಿಂದೆ ಕಾರಿನ ಹಾರ್ನು. ಬಿಡದೆ ಹೊಡೆಯುತ್ತಿತ್ತು.

"ಯಾರದು ಹಾರ್ನ್?"

"ಇವ್ರು. ಕಾರಿನ್ಯಾಗ ಕುಂತಾರ."

"ಇಷ್ಟೊತ್ತಿನ್ಯಾಗ ಎಲ್ಲಿಗೆ ಹೊಂಟೀರಿ?"

"ಗಾಳಿ ತಿರುಗೇತಿ ಅಂತ. ಮ್ಯಾಲಿನ ಗುಡ್ಡಕ್ಕ ಬೆಂಕಿ ಬಂದೈತಿ. ಈಗ ಹೊರಡ್ರಿ ಅಂತ ಫೋನಿಗೆ ಮೆಸೇಜ್ ಬಂತು. ಎರಡ ಪುಟ ಉಳದಿರಬೇಕಲ್ಲ, ಮುಗಿಸೇ ಏಳೋಣ ಅಂತ..."

ನನ್ನ ಮಾವನ ಮುಖ ಹಾಗಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅಜ್ಜ ಕಟ್ಟಿದ ಕಾನೂನು, ಮಾವ ಕಾಯ್ದ ಕಾನೂನು, ಗುಡ್ಡದ ಮೇಲೊಂದು ಮನೆಯಲ್ಲಿ ಅವರ ತಂಗಿಯನ್ನು ಕುರ್ಚಿಗೆ ಕಟ್ಟಿಹಾಕಿ ಕೂರಿಸಿತ್ತು! ಮಾವ ಪುಸ್ತಕವನ್ನು ಫಟ್ಟನೆ ಮುಚ್ಚಿದರು. ಫೋನಿಗೆ ಕೇಳಲಿ ಎಂದು ಇನ್ನೊಮ್ಮೆ ತೆರೆದು ಇನ್ನೂ ಜೋರಾಗಿ ಮುಚ್ಚಿದರು.

"ಮುಚ್ಚೀನಿ! ಪುಸ್ತಕ ಮುಚ್ಚೀನಿ! ಏಳ!"

"ನಡಕ್ಕ ಮುಚ್ಚಬಾರದಣ್ಣಾ. ಅಪ್ಪ ಏನಂತಿದ್ದ..."

"ಅಪ್ಪಗ ನಾ ಉತ್ತರಾ ಕೊಡ್ತೀನಿ. ನೀ ಏಳ!"

ಅಷ್ಟರಲ್ಲಿ ಕೆನಡಾದಿಂದ ದೊಡ್ಡವ್ವನ ದನಿ ಸಿಡಿಯಿತು. "ಏ ಹುಚ್ಚಿ, ಓಡ! ಕೊಲಿ ಮಾಡಿದಾಂವ ಆ ಡಾಕ್ಟರ್, ನನಗ ಗೊತ್ತೈತಿ, ನಾ ಹೇಳ್ತೀನಿ, ಓಡ!"

"ಅಕ್ಕಾ!" ಎಂದರು ಚಿಗವ್ವ, ನೋವಿನಿಂದ. ಬೆಂಕಿಗಿಂತ ಆ ಗುಟ್ಟು ಬಯಲಾದದ್ದೇ ಅವರನ್ನು ಎಬ್ಬಿಸಿತೆಂದು ಅತ್ತೆಯ ಅಭಿಪ್ರಾಯ. ಬಾಗಿಲ ಸದ್ದು, ಚಪ್ಪಲಿಯ ಸದ್ದು, ಕಾಕಾನ ಬೈಗುಳ, ಕಾರಿನ ಬಾಗಿಲು. ಕಾಕಾ ಎಂದರೆ ಚಿಗವ್ವನ ಗಂಡ. ಈ ಮನೆತನಕ್ಕೆ ಅಳಿಯನಾಗಿ ಬಂದ ತಪ್ಪಿಗೆ ಹತ್ತು ನಿಮಿಷ ಹೊಗೆಯಲ್ಲಿ ಹಾರ್ನು ಹೊಡೆಯುತ್ತ ಕುಳಿತಿದ್ದ ಮನುಷ್ಯ.

ಆಮೇಲೆ ಕಾರಿನ ಗುಂಯ್‌ಗುಡುವಿಕೆಯಷ್ಟೇ. ಆ ಊರಿಂದ ಕೆಳಗಿಳಿಯಲು ಇರುವುದು ಒಂದೇ ರಸ್ತೆ, ಗುಡ್ಡ ಸುತ್ತಿ ಸುತ್ತಿ ಇಳಿಯುವ ರಸ್ತೆ. ಕೆಳಗಿನ ಊರಿನ ಆಟದ ಮೈದಾನಕ್ಕೆ ಎಲ್ಲರೂ ಬರಬೇಕೆಂದು ಹೇಳಿದ್ದರಂತೆ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದರು. ಆರು ಸಾವಿರ ಕಿಲೋಮೀಟರಿನಾಚೆ ಉರಿಯುತ್ತಿರುವ ಬೆಂಕಿಗೆ ಹತ್ತನೆಯ ಮಹಡಿಯಿಂದ ಯಾವ ಬಕೆಟ್ಟು ಎತ್ತುವುದು?

"ಅಣ್ಣಾ," ಎಂದರು ಚಿಗವ್ವ. ದನಿ ತೀರ ಸಣ್ಣದಾಗಿತ್ತು. "ಸುಮ್ಮನ ಇರಬ್ಯಾಡೋ. ಏನೂ ಕಾಣವಲ್ದು. ಏನರೆ ಅನ್ನು."

"ಏನನ್ಲಿ?"

"ಓದು."

ಮಾವನಿಗೆ ಪುಟ ಸಿಗಲಿಲ್ಲ. ನಾನು ಪಕ್ಕದ ಕುರ್ಚಿಗೆ ಹೋಗಿ ಹುಡುಕಿಕೊಟ್ಟೆ. ಓದಿದರು. ಮ್ಯೂಟಿನ ಕಾನೂನು ಯಾರಿಗೂ ನೆನಪಿರಲಿಲ್ಲ. ಪ್ರತಿ ವಾಕ್ಯಕ್ಕೂ ಕಾರಿನ ಸದ್ದಿನೊಳಗಿಂದ "ಹ್ಞೂಂ" ಬರುತ್ತಿತ್ತು. ಕೆನಡಾದಿಂದಲೂ ಒಂದು "ಹ್ಞೂಂ", ಹಲ್ಲು ಕಟಕಟಿಸುವ ಹ್ಞೂಂ. "ಅಕ್ಕಾ, ನೀ ಫೋನ್ ಇಡು, ಚಾರ್ಜ್ ಮುಗಿತೈತಿ" ಎಂದು ಮಾವ ವಾಕ್ಯದ ನಡುವೆಯೇ ಹೇಳಿದರು. "ಇಡೂದಿಲ್ಲ" ಎಂದರು ದೊಡ್ಡವ್ವ. ಸ್ವಲ್ಪ ಹೊತ್ತಿಗೆ ಫೋನಿನ ತೆರೆಯ ಮೇಲಿನ ಅವರ ಚೌಕ ತಾನೇ ಆರಿಹೋಯಿತು. ಮಾವ ಒಂದು ಕ್ಷಣ ಅಲ್ಲಿಗೆ ನೋಡಿ ಮತ್ತೆ ಸಾಲಿಗೆ ಬಂದರು.

ಆ ಅಧ್ಯಾಯ ಮುಗಿಯಿತು. ಕೊನೆಯ ಅಧ್ಯಾಯ ಶುರುವಾಯಿತು. ಕೊಲೆಗಾರ ಡಾಕ್ಟರೇ! ಯಾರಿಗೂ ಖುಷಿಯಾಗಲಿಲ್ಲ. ಕೈಕೋಳ ಬಿತ್ತು, ಪತ್ತೇದಾರ ಟೋಪಿ ಹಾಕಿಕೊಂಡು ಹೊರಟ. ಪುಟದ ಕೆಳಗೆ "ಮುಗಿಯಿತು" ಎಂದು ಅಚ್ಚಾಗಿತ್ತು. ಕಾರು ಇನ್ನೂ ಇಳಿಯುತ್ತಿತ್ತು.

ಮಾವ ಆ ಪದವನ್ನು ಓದಲಿಲ್ಲ. ಹಾಳೆ ತಿರುಗಿಸಿದರು. ಆಚೆ ಖಾಲಿ. ನಾನು ಪಕ್ಕದಲ್ಲೇ ಇದ್ದೆ, ಖಾಲಿಯೇ, ಇದೊಂದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮಾವ ಆ ಬಿಳಿಯ ಹಾಳೆಯ ಮೇಲೆ ಬೆರಳಿಟ್ಟು, ಇಲ್ಲದ ಸಾಲಿನ ಕೆಳಗೆ ಬೆರಳೆಳೆಯುತ್ತ, ಅದೇ ದನಿಯಲ್ಲಿ, ಅದೇ ಪುಸ್ತಕದ ಕನ್ನಡದಲ್ಲಿ ಮುಂದುವರಿಸಿದರು. ಪತ್ತೇದಾರನು ಕಾರು ಹತ್ತಿದನು. ಮುಂದೆ ತಿರುವು ಇತ್ತು. ಅವನು ಅವಸರ ಮಾಡಲಿಲ್ಲ. ಇನ್ನೊಂದು ತಿರುವು ಬಂದಿತು. "ಹ್ಞೂಂ" ಎಂದರು ಚಿಗವ್ವ. ಸಾಲು ತುದಿ ಮುಟ್ಟಿದಾಗ ಬೆರಳು ಎಡಕ್ಕೆ ಮರಳುತ್ತಿತ್ತು. ಪುಟದ ಕೆಳಗೆ ಬಂದಾಗ ಹಾಳೆ ತಿರುಗಿಸಿದರು. ಅದೂ ಖಾಲಿ. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅಂದು ಅರ್ಥ ಹೇಳೆಂದು ಯಾರೂ ನನ್ನನ್ನು ಕೇಳಲಿಲ್ಲ.

ಎಷ್ಟು ಹೊತ್ತು? ಅತ್ತೆ ಅರ್ಧ ಗಂಟೆ ಎನ್ನುತ್ತಾರೆ. ನನಗೆ ಹತ್ತು ನಿಮಿಷದಂತಿದೆ. ಕೊನೆಗೆ ಕಾರು ನಿಂತ ಸದ್ದು, ತುಂಬ ಜನರ ಗದ್ದಲ. "ಅಣ್ಣಾ, ಮುಟ್ಟಿದಿವಿ. ಮೈದಾನದಾಗ ಭಾಳ ಮಂದಿ ಅದಾರ. ಯಾರೋ ಚಹಾ ಕೊಡಾಕತ್ತಾರ. ಸಕ್ಕರಿ ಇಲ್ಲದ್ದು." ಆಮೇಲೆ ಅಳು ಬಂತು, ಅವರದೋ ಇಲ್ಲಿಯದೋ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಹಿಮದಲ್ಲಿ ನಡೆದು ಹೋಗಿ ಕಾರಿನಲ್ಲಿ ಫೋನು ಚಾರ್ಜಿಗೆ ಸಿಕ್ಕಿಸಿ ಸಂದೇಶ ಕಳಿಸಿದರು: "ಮುಟ್ಟಿದಳಾ?" ಮಾವ ಉತ್ತರವಾಗಿ ಒಂದು ಹೆಬ್ಬೆರಳು ಕಳಿಸಿ, ನೀರು ಕೇಳಿದರು.

ಮನೆ ಉಳಿಯಿತು. ಬೇಲಿ ಹೋಯಿತು, ಕರಿಬೇವಿನ ಗಿಡ ಹೋಯಿತು. ಕರೆಂಟು ಬಂದ ದಿನ ದೊಡ್ಡವ್ವ ಮೊದಲು ಹೇಳಿದ್ದು, "ಡಾಕ್ಟರೇ ಅಂತ ನಾ ಹೇಳಿರಲಿಲ್ಲೇನು?" ಈಗ ಹೊಸ ಕಾನೂನಿದೆ: ಓದು ಶುರುವಾಗುವ ಮೊದಲು ಮಾವ ಕೇಳುತ್ತಾರೆ, "ನಿಮ್ಮ ನಿಮ್ಮ ಊರಾಗ ಬೆಂಕಿ, ಗಾಳಿ, ನೀರು ಏನರೆ ಐತೇನು? ಇದ್ರ ಈಗ ಹೇಳ್ರಿ, ನಡಕ್ಕ ಬ್ಯಾಡ." ಇಬ್ಬರೂ ಹೆಬ್ಬೆರಳು ಕೊಟ್ಟರೆ ಮಾತ್ರ ಪುಸ್ತಕ ತೆರೆಯುತ್ತದೆ.

ನನಗೆ ಮಾತ್ರ ಕುತೂಹಲ ತಣಿಯಲಿಲ್ಲ. ಒಂದು ಭಾನುವಾರ ಕೇಳಿಯೇಬಿಟ್ಟೆ. "ಮಾಮಾ, ಅವತ್ತು ಪುಸ್ತಕ ಮುಗಿದಿತ್ತಲ್ಲ, ಆಮೇಲೆ ಏನು ಓದಿದ್ರಿ?"

"ಪುಸ್ತಕದಾಗ ಇದ್ದದ್ದನ್ನ ಓದೀನಿ."

"ಅಲ್ಲಿ ಏನೂ ಇರ್ಲಿಲ್ಲ. ನಾನೇ ನೋಡಿದೀನಿ."

"ಹೋಗಿ ನೋಡು" ಎಂದು ಅವರು ಪೇಪರಿನ ಹಿಂದೆ ಮರೆಯಾದರು.

ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. "ಮುಗಿಯಿತು" ಎಂಬ ಪದವನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದರು. ಆಚೆಯ ಖಾಲಿ ಹಾಳೆಗಳ ತುಂಬ ಲಿಫ್ಟಿನ ತಪಾಸಣೆಯ ವರದಿ ಬರೆಯುತ್ತಿದ್ದ ಅದೇ ಪುಟ್ಟ, ನೆಟ್ಟಗಿನ ಅಕ್ಷರ. ಅಂದು ನಾನು ಕೇಳಿದ್ದು ಹೀಗೇ ಇತ್ತೇ? ಅರ್ಧದಷ್ಟು ನನಗೆ ನೆನಪೇ ಇರಲಿಲ್ಲ. ಪತ್ತೇದಾರನು ಕಾರನ್ನು ಇಳಿಸುತ್ತಿದ್ದನು, ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು, ಆಕೆಯ ಹೆಸರು ಈ ಕಾದಂಬರಿಯಲ್ಲಿ ಇದುವರೆಗೆ ಬಂದಿರಲಿಲ್ಲ. ತಿರುವುಗಳಿಗೆಲ್ಲ ಕ್ರಮವಾಗಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿದ್ದರು. ಒಂದೇ ಒಂದು ಕಡೆ ತಿದ್ದುಪಡಿ ಇತ್ತು. "ಆಕೆಗೆ ಹೆದರಿಕೆಯಿರಲಿಲ್ಲ" ಎಂದು ಬರೆದು, ಅದರ ಮೇಲೆ ಗೀಟೆಳೆದು, ಪಕ್ಕದಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ ಬರೆದಿದ್ದರು:

"ಆಕೆಗೆ ಬಹಳ ಹೆದರಿಕೆಯಾಗಿತ್ತು. ಕಾರು ಓಡಿಸುವವನಿಗೂ ಆಗಿತ್ತು. ಆದ್ದರಿಂದ ಅವನು ಮಾತು ನಿಲ್ಲಿಸಲಿಲ್ಲ."